ಒಂದೇ ಗುಡ್ಡ, ಹಲವು ಬೆಲೆ

ಸಕಲೇಶಪುರ ದಾಟಿ ದೋಣಿಗಲ್ ಹತ್ತಿರ ಬರುವ ಹೊತ್ತಿಗೆ ರಾಷ್ಟ್ರೀಯ ಹೆದ್ದಾರಿ 75 ಮತ್ತು ಮಂಗಳೂರು ಕಡೆಯ ರೈಲುಹಳಿ ಎರಡೂ ಘಟ್ಟ ಇಳಿಯಲು ತೊಡಗುತ್ತವೆ. ಸುತ್ತ ಕಾಫಿ ತೋಟ, ತೋಟದೊಳಗೆ ಕಾಡಾನೆ, ಮಳೆಗಾಲದಲ್ಲಿ ಜರಿಯುವ ಮಣ್ಣು. ಇಲ್ಲಿ ಒಬ್ಬ ಮನುಷ್ಯ ಅಕಾಲದಲ್ಲಿ ಸತ್ತರೆ ಅವನ ಮನೆಯವರ ಕೈಗೆ ಎಷ್ಟು ಹಣ ಬರುತ್ತದೆ ಎಂಬುದನ್ನು ಅವನ ಸಾವಿನ ಕಾರಣವೇ ನಿರ್ಧರಿಸುತ್ತದೆ. ರೈಲು ಅಪಘಾತದಲ್ಲಿ ಟಿಕೆಟ್ ಪಡೆದ ಪ್ರಯಾಣಿಕ ಸತ್ತರೆ 2017ರ ಜನವರಿಯಿಂದ 8 ಲಕ್ಷ ರೂಪಾಯಿ. ಎಸಿ ಬೋಗಿ, ಜನರಲ್ ಬೋಗಿ ಎಂಬ ಭೇದವಿಲ್ಲ. ಅದೇ ಹಳಿಯ ಮೇಲೆ ನಡೆದು ತೋಟಕ್ಕೆ ಹೋಗುತ್ತಿದ್ದವನಿಗೆ ಗಾಡಿ ಬಡಿದರೆ ಅವನು ಪ್ರಯಾಣಿಕನಲ್ಲ, ಅತಿಕ್ರಮವಾಗಿ ಹಳಿಗೆ ಬಂದವನು. ಆ ಎಂಟು ಲಕ್ಷ ಅವನಿಗಿಲ್ಲ. ಹೆದ್ದಾರಿಯಲ್ಲಿ ಗುದ್ದಿದ ಲಾರಿ ಸಿಕ್ಕಿಬಿದ್ದರೆ ಸತ್ತವನ ವಯಸ್ಸು ಮತ್ತು ಸಂಪಾದನೆ ನೋಡಿ ಲೆಕ್ಕ. ಗುದ್ದಿದ ಲಾರಿ ಕತ್ತಲಲ್ಲಿ ಪತ್ತೆಯಿಲ್ಲದೆ ಹೋದರೆ 2 ಲಕ್ಷ, ಅದೂ 2022ರ ಏಪ್ರಿಲ್‌ನಿಂದ. ಅದಕ್ಕೆ ಮೊದಲು 25 ಸಾವಿರ. ಗುಡ್ಡ ಕುಸಿದು ಸತ್ತರೆ ವಿಪತ್ತು ನಿಧಿಯ 4 ಲಕ್ಷಕ್ಕೆ ರಾಜ್ಯ ಇನ್ನೊಂದು ಲಕ್ಷ ಸೇರಿಸುತ್ತದೆ. ಮರಗಸಿ ಮಾಡುವಾಗ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವಾಗ, ಸಿಲ್ವರ್ ಓಕ್ ಮರದಿಂದ ಬಿದ್ದು ಕಾರ್ಮಿಕ ಸತ್ತರೆ 1923ರ ಕಾಯ್ದೆ ಹಾಕಿಕೊಟ್ಟ ಸೂತ್ರ: ಅರ್ಧ ಸಂಬಳವನ್ನು ವಯಸ್ಸಿನ ಗುಣಕದಿಂದ ಗುಣಿಸುವುದು, ತಿಂಗಳಿಗೆ 12 ಸಾವಿರ ಪಡೆಯುವ 30ರ ಪ್ರಾಯದವನಿಗೆ ಸುಮಾರು ಹನ್ನೆರಡೂವರೆ ಲಕ್ಷ. ಕಾಡಾನೆ ತುಳಿದು ಸತ್ತರೆ, 2022ರ ಡಿಸೆಂಬರ್‌ನಲ್ಲಿ ಏಳೂವರೆ ಲಕ್ಷವನ್ನು ದುಪ್ಪಟ್ಟು ಮಾಡಿದಾಗ ನಿಗದಿಯಾದದ್ದು 15 ಲಕ್ಷ. ಸಾಯುವವನು ಒಬ್ಬನೇ, ಅವನ ಮನೆ ಒಂದೇ, ಮಕ್ಕಳು ಅವರೇ.

ಎಲ್ಲ ಮನುಷ್ಯರ ಜೀವಕ್ಕೂ ಸಮಾನ ಬೆಲೆಯಿದೆಯೇ ಎಂಬ ಪ್ರಶ್ನೆಯನ್ನು ತತ್ತ್ವದ ಮಟ್ಟದಲ್ಲಿ ಕೇಳಿದರೆ ಇಲ್ಲ ಎನ್ನುವವರು ಬಹಳ ಕಡಿಮೆ. ಸಂವಿಧಾನದ 14 ಮತ್ತು 21ನೇ ವಿಧಿಗಳು ಈ ಮಾತನ್ನೇ ನೆಲೆಯಾಗಿಟ್ಟುಕೊಂಡಿವೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಕೊಟ್ಟ ಎಚ್ಚರಿಕೆ ಇದಕ್ಕಿಂತ ಕಠಿಣವಾದದ್ದು: ಮತಪೆಟ್ಟಿಗೆಯ ಮುಂದೆ ಎಲ್ಲರೂ ಒಂದೇ ಬೆಲೆಯವರಾಗುತ್ತಾರೆ, ಆದರೆ ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಆ ಸಮಾನ ಬೆಲೆಯನ್ನು ನಾವು ನಿರಾಕರಿಸುತ್ತಲೇ ಇರುತ್ತೇವೆ, ಈ ವಿರೋಧಾಭಾಸವನ್ನು ಬೇಗ ಕಳೆದುಕೊಳ್ಳದಿದ್ದರೆ ಅಪಾಯ ಎಂದು ಅವರು ಹೇಳಿದ್ದರು. ಹಾಗಾದರೆ ದೋಣಿಗಲ್ಲಿನ ಈ ಪರಿಹಾರದ ಪಟ್ಟಿಯೇ ಆ ನಿರಾಕರಣೆಗೆ ಸಾಕ್ಷಿಯೇ? ಮೇಲ್ನೋಟಕ್ಕೆ ಹೌದು ಅನ್ನಿಸುತ್ತದೆ. ನನ್ನ ವಾದ ಮಾತ್ರ ಸ್ವಲ್ಪ ಬೇರೆ. ಸತ್ತ ಮೇಲೆ ಕೊಡುವ ಹಣದಲ್ಲಿ ವ್ಯತ್ಯಾಸವಿದ್ದರೆ ಅದಕ್ಕೆ ಒಂದಷ್ಟು ಸಮರ್ಥನೆ ಇದೆ. ಆದರೆ ಸಾಯುವ ಮೊದಲು ಯಾರನ್ನು ಕಾಪಾಡಲು ಎಷ್ಟು ಶ್ರಮ ಪಡುತ್ತೇವೆ, ಯಾರ ತಲೆಯ ಮೇಲೆ ಅಪಾಯವನ್ನು ಹೊರಿಸುತ್ತೇವೆ ಎಂಬಲ್ಲಿ ವ್ಯತ್ಯಾಸಕ್ಕೆ ಯಾವ ಸಮರ್ಥನೆಯೂ ಇಲ್ಲ. ಜೀವಗಳ ಸಮಾನತೆಯನ್ನು ಪರೀಕ್ಷಿಸಬೇಕಾದ ಜಾಗ ಅದು.

ಮೊದಲು ಪರಿಹಾರದ ಲೆಕ್ಕವನ್ನೇ ನೋಡೋಣ. ಸತ್ತವನ ಮನೆಗೆ ಸಮಾಜ ಏನಾದರೂ ಕೊಡಬೇಕು ಎಂಬ ಭಾವನೆ ಈ ನೆಲಕ್ಕೆ ಹೊಸದಲ್ಲ. ಹೋರಾಡಿ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯನ್ನು ನೆತ್ತರುಗೊಡಗೆ ಎಂದು ನಮ್ಮ ಶಾಸನಗಳು ಕರೆಯುತ್ತವೆ. ಹಾಸನದ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳ ಹಿಂದೆ ಇಂಥ ಕೊಡುಗೆಗಳ ಕಾಲವೊಂದಿದೆ. ಇಂದಿನ ಮೋಟಾರು ಅಪಘಾತ ನ್ಯಾಯಮಂಡಳಿ ಶೌರ್ಯವನ್ನು ಅಳೆಯುವುದಿಲ್ಲ, ಸಂಪಾದನೆಯನ್ನು ಅಳೆಯುತ್ತದೆ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು ಮತ್ತು 2017ರ ಪ್ರಣಯ್ ಸೇಠಿ ತೀರ್ಪು ಈ ಲೆಕ್ಕದ ಎರಡು ಕಂಬಗಳು. ಈ ಹೆದ್ದಾರಿ ಇಳಿಯುವ ಶಿರಾಡಿ ಘಾಟಿಯಲ್ಲಿ ಒಂದೇ ಅಪಘಾತದಲ್ಲಿ 30 ವರ್ಷದ ಇಬ್ಬರು ಸತ್ತರು ಎಂದಿಟ್ಟುಕೊಳ್ಳಿ. ಒಬ್ಬ ತಿಂಗಳಿಗೆ 12 ಸಾವಿರ ದುಡಿಯುವ ತೋಟದ ಆಳು, ಇನ್ನೊಬ್ಬ 1 ಲಕ್ಷ 20 ಸಾವಿರ ಸಂಬಳದ ಕಾಯಂ ನೌಕರ. ಇಬ್ಬರಿಗೂ ಮೂವರು ಅವಲಂಬಿತರು. ಮುಂದೆ ಸಂಪಾದನೆ ಹೆಚ್ಚುತ್ತಿತ್ತು ಎಂದು ಮೊದಲನೆಯವನಿಗೆ ಶೇ 40, ಕಾಯಂ ಕೆಲಸವಿದ್ದವನಿಗೆ ಶೇ 50 ಸೇರಿಸಬೇಕು. ಅವರವರ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆಯಬೇಕು. ಉಳಿದ ವಾರ್ಷಿಕ ಮೊತ್ತವನ್ನು ಆ ವಯಸ್ಸಿನ ಗುಣಕವಾದ 17ರಿಂದ ಗುಣಿಸಬೇಕು. ಆಳಿನ ಮನೆಗೆ ಸುಮಾರು 22 ಲಕ್ಷ 85 ಸಾವಿರ, ನೌಕರನ ಮನೆಗೆ ಆದಾಯ ತೆರಿಗೆ ಕಳೆಯುವ ಮೊದಲು 2 ಕೋಟಿ 45 ಲಕ್ಷದ ಹತ್ತಿರ. ಇಬ್ಬರಿಗೂ ಒಂದೇ ಪ್ರಮಾಣದಲ್ಲಿ ಸಿಗುವುದು ಅಂತ್ಯಕ್ರಿಯೆ, ಆಸ್ತಿ ನಷ್ಟ, ದಾಂಪತ್ಯ ನಷ್ಟ ಎಂಬ ಮೂರು ಬಾಬತ್ತುಗಳಿಗೆ 2017ರ ತೀರ್ಪು ನಿಗದಿ ಮಾಡಿದ ಮೊತ್ತ, ಆಗ ಅದು 70 ಸಾವಿರ ರೂಪಾಯಿ.

ಈ ಲೆಕ್ಕವನ್ನು ಅನ್ಯಾಯವೆಂದು ತಟ್ಟನೆ ತಳ್ಳಿಹಾಕುವಂತಿಲ್ಲ. ನ್ಯಾಯಮಂಡಳಿ ಜೀವಕ್ಕೆ ಬೆಲೆ ಕಟ್ಟುತ್ತಿಲ್ಲ. ಬದುಕಿರುವವರು ಕಳೆದುಕೊಂಡ ಆಸರೆಗೆ ಬೆಲೆ ಕಟ್ಟುತ್ತಿದೆ. ಸಾಲ ಮಾಡಿ ಮನೆ ಕಟ್ಟಿಸಿದ ನೌಕರನ ಹೆಂಡತಿಗೆ ಆಳಿನ ಹೆಂಡತಿಗೆ ಕೊಟ್ಟಷ್ಟೇ ಕೊಟ್ಟರೆ ಅವಳ ನಷ್ಟ ತುಂಬುವುದಿಲ್ಲ. ಆದರೆ ಆಸರೆಯನ್ನು ಸಂಬಳದ ಚೀಟಿಯಿಂದ ಮಾತ್ರ ಅಳೆಯಲು ಹೊರಟಾಗ ಏನಾಗುತ್ತದೆ ಎಂಬುದಕ್ಕೆ ಗೃಹಿಣಿಯರ ವಿಷಯವೇ ಸಾಕು. 1989ರ ಮಾರ್ಚ್ 3ರಂದು ಜಮ್‌ಶೆಡ್‌ಪುರದಲ್ಲಿ ಉಕ್ಕಿನ ಕಾರ್ಖಾನೆಯ ಸಮಾರಂಭದಲ್ಲಿ ಬೆಂಕಿ ಹೊತ್ತಿಕೊಂಡು ಸತ್ತವರಲ್ಲಿ ಹೆಂಗಸರು, ಮಕ್ಕಳು ಬಹಳ ಮಂದಿ. ಆ ಗೃಹಿಣಿಯರ ದುಡಿಮೆಗೆ ತಿಂಗಳಿಗೆ 3 ಸಾವಿರ ರೂಪಾಯಿ ಎಂದು ಲೆಕ್ಕ ಹಿಡಿಯಲು ಸುಪ್ರೀಂ ಕೋರ್ಟಿನ 2001ರ ಲತಾ ವಾಧ್ವಾ ತೀರ್ಪು ಬರಬೇಕಾಯಿತು. 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ದೇಶದ ಸಮಯ ಬಳಕೆ ಸಮೀಕ್ಷೆಯನ್ನು ಮುಂದಿಟ್ಟುಕೊಂಡು, ಹೆಂಗಸರು ದಿನಕ್ಕೆ 299 ನಿಮಿಷ ಕೂಲಿಯಿಲ್ಲದ ಮನೆಗೆಲಸ ಮಾಡುತ್ತಾರೆ, ಗಂಡಸರು 97 ನಿಮಿಷ ಎಂದು ಎತ್ತಿ ತೋರಿಸಿತು. ಸಂಬಳವಿಲ್ಲದ ದುಡಿಮೆಯೂ ದುಡಿಮೆಯೇ ಎಂದು ಒಪ್ಪಿಕೊಳ್ಳಲು ನಮ್ಮ ನ್ಯಾಯಶಾಸ್ತ್ರಕ್ಕೆ ಇಷ್ಟು ಕಾಲ ಹಿಡಿಯಿತು.

ಆದಾಯವನ್ನು ಅಳೆಯಬೇಕೋ, ಜೀವಗಳನ್ನು ಸಮನಾಗಿ ಕಾಣಬೇಕೋ ಎಂಬ ಈ ಜಗ್ಗಾಟ ಎದ್ದು ಕಂಡದ್ದು ಘಟ್ಟದ ಕೆಳಗೆ, ಮಂಗಳೂರಿನ ಬಜ್ಪೆಯಲ್ಲಿ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಓಡುದಾರಿ ಮೀರಿ ಕಣಿವೆಗೆ ಬಿದ್ದು 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಅದರ ಹಿಂದಿನ ವರ್ಷವಷ್ಟೇ ಭಾರತ ಮಾಂಟ್ರಿಯಲ್ ಒಪ್ಪಂದವನ್ನು ಒಪ್ಪಿಕೊಂಡಿತ್ತು. ಕಾಸರಗೋಡು ಕಡೆಯ ಯುವಕನೊಬ್ಬನ ಹೆತ್ತವರು ಹೂಡಿದ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ, ಸತ್ತವರ ಆದಾಯ ಏನೇ ಇರಲಿ, ಪ್ರತಿ ಕುಟುಂಬಕ್ಕೂ ಕನಿಷ್ಠ 75 ಲಕ್ಷ ಸಲ್ಲಬೇಕು ಎಂದು 2011ರಲ್ಲಿ ಹೇಳಿತು. ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. ನಷ್ಟವನ್ನು ಒಂದೊಂದಾಗಿ ಸಾಬೀತು ಮಾಡಬೇಕು ಎಂಬ ಹಳೆಯ ದಾರಿಯೇ ಉಳಿಯಿತು. ಅದೇ ವಿಮಾನದಲ್ಲಿದ್ದ, ಕೊಲ್ಲಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2020ರ ಮೇ ತಿಂಗಳಲ್ಲಿ 7 ಕೋಟಿ 64 ಲಕ್ಷ ಕೊಡಿಸಿತು. ಆ ಕುಟುಂಬಕ್ಕೆ ಸಿಕ್ಕಿದ್ದು ಹೆಚ್ಚಾಯಿತು ಎಂದು ನಾನು ಹೇಳುವುದಿಲ್ಲ. ಉಳಿದವರಿಗೆ ಒಂದು ಗಟ್ಟಿ ತಳವನ್ನು ಹಾಕಿಕೊಡುವ ಅವಕಾಶ ಕೈತಪ್ಪಿತು ಎಂಬುದೇ ನನ್ನ ತಕರಾರು. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯ ಪರಿಹಾರ ನಿಧಿಯನ್ನು ಹಂಚಿದ ಕೆನೆತ್ ಫೈನ್‌ಬರ್ಗ್ ಕಾಯ್ದೆಗೆ ಕಟ್ಟುಬಿದ್ದು ಆದಾಯದ ಲೆಕ್ಕ ಹಾಕಿ, ಒಂದು ಸಾವಿಗೆ ಎರಡೂವರೆ ಲಕ್ಷ ಡಾಲರ್‌ನಿಂದ ಹಿಡಿದು 71 ಲಕ್ಷ ಡಾಲರ್ ತನಕ ಕೊಟ್ಟರು. ಆ ಕೆಲಸ ಮುಗಿದ ಮೇಲೆ, ಸಾರ್ವಜನಿಕ ಹಣವನ್ನು ಇನ್ನೊಮ್ಮೆ ಹಂಚುವುದಾದರೆ ಎಲ್ಲರಿಗೂ ಸಮನಾಗಿ ಹಂಚಬೇಕು ಎಂದು ಅವರೇ ಬರೆದರು. 2007ರ ವರ್ಜೀನಿಯಾ ಟೆಕ್ ಹತ್ಯಾಕಾಂಡದ ನಿಧಿಯನ್ನು ಹಾಗೆಯೇ ಹಂಚಿದರು. ಖಾಸಗಿ ವಿಮೆ ಆದಾಯವನ್ನು ನೋಡಿಕೊಳ್ಳಲಿ, ಸರ್ಕಾರ ಕೊಡುವಾಗ ಜೀವವನ್ನು ಮಾತ್ರ ನೋಡಲಿ ಎಂಬ ಈ ವಿಭಜನೆ ನನಗೆ ಸರಿ ಎನ್ನಿಸುತ್ತದೆ. ನಮ್ಮ ರೈಲ್ವೆ ಬಹಳ ಕಾಲದಿಂದ ಇದನ್ನೇ ಪಾಲಿಸಿಕೊಂಡು ಬಂದಿದೆ, ಟಿಕೆಟ್ ಇರುವವರ ಮಟ್ಟಿಗೆ.

ಇಷ್ಟೂ ಸಾವಿನ ನಂತರದ ಮಾತು. ಇನ್ನು ಸಾವಿಗೆ ಮೊದಲಿನದು. ಆಲೂರು, ಸಕಲೇಶಪುರದ ಆನೆ ಸಮಸ್ಯೆಗಿಂತ ಸ್ಪಷ್ಟವಾಗಿ ಇದನ್ನು ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. ಕರ್ನಾಟಕ ಹೈಕೋರ್ಟ್ ಸೂಚನೆಯಂತೆ ರಚನೆಯಾಗಿ ಆನೆ ತಜ್ಞ ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಕೊಟ್ಟ ಆನೆ ಕಾರ್ಯಪಡೆ, ಕಾಡು ಹರಿದು ಚಿಂದಿಯಾಗಿರುವ ಈ ಭಾಗದಲ್ಲಿ ಆನೆಗಳು ನೆಲೆಸಲಾರವು, ಇದು ಆನೆಗಳನ್ನು ತೆರವು ಮಾಡಬೇಕಾದ ವಲಯ ಎಂದು ಹೇಳಿತು. 2013–14ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಆಮೇಲೆ ಹಿಡಿಯುವುದು, ರೇಡಿಯೋ ಕಾಲರ್ ಹಾಕುವುದು, ದೂರ ಬಿಡುವುದು ನಡೆದೇ ಇದೆ. 2023ರ ನವೆಂಬರ್‌ನಲ್ಲಿ ಬೇಲೂರು ಕಡೆ ಹಿಡಿದ ಮಖ್ನಾ ಆನೆಯೊಂದಕ್ಕೆ (ದಂತವಿಲ್ಲದ ಗಂಡಾನೆ) ಕಾಲರ್ ಹಾಕಿ ಬಂಡೀಪುರದ ಮೂಲೆಹೊಳೆ ಕಡೆಯ ಕಾಡಿಗೆ ಬಿಟ್ಟರು. ಅದು ಗಡಿ ದಾಟಿ ವಯನಾಡಿಗೆ ಹೋಯಿತು. 2024ರ ಫೆಬ್ರವರಿ 10ರಂದು ಮಾನಂತವಾಡಿ ಹತ್ತಿರ ಮನೆಯಂಗಳಕ್ಕೆ ನುಗ್ಗಿ ಒಬ್ಬ ರೈತನನ್ನು ಕೊಂದಿತು. ಕರ್ನಾಟಕ ಸರ್ಕಾರ ಆ ಕುಟುಂಬಕ್ಕೂ 15 ಲಕ್ಷ ಘೋಷಿಸಿತು. ಪರರಾಜ್ಯದವನಿಗೆ ನಮ್ಮ ತೆರಿಗೆಯ ಹಣ ಏಕೆ ಎಂದು ಇಲ್ಲಿ ಗದ್ದಲವೆದ್ದಿತು. ಕೊನೆಗೆ ಆ ಕುಟುಂಬವೇ ಹಣ ಬೇಡವೆಂದಿತು.

ಆ ಗದ್ದಲದಲ್ಲಿ ಎರಡೂ ಪಕ್ಷದವರು ಹಣದ ಬಗ್ಗೆಯೇ ಮಾತಾಡಿದರು. ಕೇಳಬೇಕಿದ್ದ ಪ್ರಶ್ನೆ ಬೇರೆಯಿತ್ತು. ಬೇಲೂರಿನ ಜನರ ತಲೆಯ ಮೇಲಿದ್ದ ಅಪಾಯವನ್ನು ಎತ್ತಿ ಇನ್ನೊಂದು ಕಡೆಯ ಜನರ ಮೇಲೆ ಇಟ್ಟಾಗ ಆ ಜನರನ್ನು ಯಾರು ಕೇಳಿದ್ದರು? ಬೇಲೂರಿನವರ ಪ್ರಾಣಭಯ ನಿಜವಾದದ್ದು, ಅವರ ಬೇಡಿಕೆ ನ್ಯಾಯವಾದದ್ದು. ಆದರೆ ಬೇಲೂರಿನ ಒಂದು ಜೀವಕ್ಕೂ ಮಾನಂತವಾಡಿಯ ಒಂದು ಜೀವಕ್ಕೂ ಒಂದೇ ತೂಕ ಎಂದು ಆನೆಯನ್ನು ಲಾರಿಗೆ ಹತ್ತಿಸುವವರು ನಿಜಕ್ಕೂ ನಂಬಿದ್ದರೆ, ಬಿಡುವ ಜಾಗದ ಸುತ್ತಲಿನ ಊರುಗಳಿಗೆ ಮೊದಲೇ ಸುದ್ದಿ ಹೋಗಬೇಕಿತ್ತು, ಕಾಲರ್‌ನ ಸಂಕೇತ ಗಡಿಯಾಚೆಗೂ ಕ್ಷಣಕ್ಷಣಕ್ಕೆ ಸಿಗುವ ವ್ಯವಸ್ಥೆ ಸಿದ್ಧವಾಗಿರಬೇಕಿತ್ತು. ಸಂಕೇತ ಹಂಚಿಕೊಳ್ಳುವ ವಿಷಯದಲ್ಲಿ ಎರಡೂ ರಾಜ್ಯಗಳ ಅರಣ್ಯ ಇಲಾಖೆಗಳು ಪರಸ್ಪರ ದೂರಿಕೊಂಡದ್ದು ಸಾವಿನ ನಂತರ. ಮತ ಹಾಕಿ ಗದ್ದಲ ಮಾಡಬಲ್ಲವರ ಅಪಾಯವನ್ನು ಮಾಡಲಾರದವರ ಕಡೆಗೆ ಸರಿಸುವುದು ಆಡಳಿತಕ್ಕೆ ಸುಲಭದ ದಾರಿ. ಯಾರೂ ಬಾಯಿಬಿಟ್ಟು ಹೇಳದೆಯೇ ಜೀವಗಳಿಗೆ ದರ ಬೀಳುವುದು ಹೀಗೆ.

ಬಾಯಿಬಿಟ್ಟು ಹೇಳಿದವರೂ ಇದ್ದಾರೆ. ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಲಾರೆನ್ಸ್ ಸಮ್ಮರ್ಸ್ ಸಹಿಯಿದ್ದ 1991ರ ಡಿಸೆಂಬರ್‌ನ ಟಿಪ್ಪಣಿಯೊಂದು, ವಿಷಕಾರಿ ತ್ಯಾಜ್ಯವನ್ನು ಅತಿ ಕಡಿಮೆ ಕೂಲಿಯ ದೇಶಕ್ಕೆ ಸಾಗಿಸುವುದರ ಹಿಂದಿನ ಆರ್ಥಿಕ ತರ್ಕ ದೋಷರಹಿತ ಎಂದಿತ್ತು: ರೋಗ, ಸಾವುಗಳಿಂದ ಕಳೆದುಹೋಗುವ ಆದಾಯ ಅಲ್ಲಿ ಕಡಿಮೆ ತಾನೇ. ಟಿಪ್ಪಣಿ ಹೊರಬಿದ್ದಾಗ ಅದು ಚುಚ್ಚಿ ಹೇಳಿದ ಮಾತು, ಗಂಭೀರ ಸಲಹೆಯಲ್ಲ ಎಂದು ಸಮಜಾಯಿಷಿ ಬಂತು. 1995ರಲ್ಲಿ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ ಎರಡನೇ ವರದಿಯಲ್ಲಂತೂ ಅರ್ಥಶಾಸ್ತ್ರಜ್ಞರು ಗಂಭೀರವಾಗಿಯೇ ಶ್ರೀಮಂತ ದೇಶದ ಒಂದು ಜೀವಕ್ಕೆ 15 ಲಕ್ಷ ಡಾಲರ್, ಬಡ ದೇಶದ ಜೀವಕ್ಕೆ ಒಂದೂವರೆ ಲಕ್ಷ ಡಾಲರ್ ಎಂದು ಹಿಡಿದಿದ್ದರು. ಭಾರತವೂ ಸೇರಿ ಹಲವು ದೇಶಗಳು ಸಿಟ್ಟಿಗೆದ್ದವು. ಅಪಾಯ ತಪ್ಪಿಸಿಕೊಳ್ಳಲು ಜನ ತಾವೇ ಎಷ್ಟು ಖರ್ಚು ಮಾಡಲು ಸಿದ್ಧರಿದ್ದಾರೆ ಎಂಬುದರಿಂದ ಬಂದ ಅಂಕಿ ಇದು, ಬೆಲೆಯ ತೀರ್ಪಲ್ಲ ಎಂಬುದು ಲೆಕ್ಕ ಹಾಕಿದವರ ಸಮರ್ಥನೆ. ಆದರೆ ಬಡವನು ಖರ್ಚು ಮಾಡಲಾರ ಎಂಬುದನ್ನು ಬಡವನಿಗೆ ಜೀವದ ಆಸೆ ಕಡಿಮೆ ಎಂದು ಓದಿಕೊಂಡ ಲೆಕ್ಕ ಅದು. ದೋಣಿಗಲ್ಲಿನ ಲೈನ್ ಮನೆಯಲ್ಲಿರುವ ತೋಟದ ಆಳು ಜೀಪು ಕೊಳ್ಳಲಿಲ್ಲ ಎಂದ ಮಾತ್ರಕ್ಕೆ ಆನೆಯ ಎದುರು ನಡೆದು ಹೋಗಲು ಒಪ್ಪಿದ್ದಾನೆ ಎಂದು ಯಾರೂ ಹೇಳಲಾರರು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಉಪಯೋಗದ್ದು. ನೂರಾರು ಜನರನ್ನು ಬದುಕಿಸುವ ವೈದ್ಯನ ಜೀವವೂ ಯಾರಿಗೂ ಬೇಡವಾದವನ ಜೀವವೂ ಒಂದೇ ಆಗುವುದು ಹೇಗೆ ಎಂದು ಕೇಳುತ್ತಾರೆ. ವೈದ್ಯ ಸತ್ತರೆ ಹೆಚ್ಚು ಜನರಿಗೆ ನಷ್ಟ ಎಂಬುದು ನಿಜ. ಆದರೆ ಅದು ಉಳಿದವರಿಗೆ ಆಗುವ ನಷ್ಟ. ಸಾಯುವವನಿಗೆ ಆಗುವ ನಷ್ಟ ಇಬ್ಬರಿಗೂ ಪೂರ್ತಿಯಾದದ್ದೇ; ಅವನ ಇಡೀ ಲೋಕ ಅಲ್ಲಿಗೆ ಮುಗಿಯುತ್ತದೆ. ಘಟ್ಟದಲ್ಲಿ ಮಣ್ಣು ಜರಿದು ವಾಹನ ಹೂತಾಗ ಜೆಸಿಬಿ ನಡೆಸುವವರು ಒಳಗಿರುವವನ ಕಸುಬು ಕೇಳಿಕೊಂಡು ಮಣ್ಣು ತೆಗೆಯುವುದಿಲ್ಲ. ಹಾಗೆ ಕೇಳಿದ್ದರೆ ನಾವು ಅವರನ್ನು ಕ್ಷಮಿಸುತ್ತಲೂ ಇರಲಿಲ್ಲ. ಸಮಾನತೆಯ ಮಾತು ಬರಿಯ ಪುಸ್ತಕದ್ದಲ್ಲ, ಆಪತ್ತಿನಲ್ಲಿ ನಾವು ಸಹಜವಾಗಿ ನಡೆದುಕೊಳ್ಳುವ ರೀತಿಯಲ್ಲೇ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ವಯಸ್ಸಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಒಂದೇ ಹಾಸಿಗೆ, ಇಬ್ಬರು ರೋಗಿಗಳು, ಒಬ್ಬನಿಗೆ 25, ಇನ್ನೊಬ್ಬನಿಗೆ 80 ಎಂದಾಗ ಹೆಚ್ಚಿನವರ ಮನಸ್ಸು ಚಿಕ್ಕವನ ಕಡೆ ವಾಲುತ್ತದೆ. ಬದುಕುವ ಸಾಧ್ಯತೆ ಯಾರಿಗೆ ಹೆಚ್ಚು ಎಂದು ವೈದ್ಯರು ನೋಡುವುದನ್ನು ನಾನು ತಪ್ಪೆನ್ನಲಾರೆ. ಅದು ಚಿಕಿತ್ಸೆ ಫಲಿಸುತ್ತದೆಯೇ ಎಂಬ ವಿಚಾರ. ಆದರೆ ಇದನ್ನೇ ನೀತಿಯ ಸೂತ್ರ ಮಾಡಿದರೆ ದಾರಿ ತಪ್ಪುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 70 ದಾಟಿದವರ ಜೀವಕ್ಕೆ ಶೇ 37 ಕಡಿಮೆ ಬೆಲೆ ಹಿಡಿದು ಲೆಕ್ಕ ಮಾಡಿದ್ದು ಬಯಲಾದಾಗ, ಹಿರಿಯರ ಪ್ರತಿಭಟನೆಗೆ ಮಣಿದು 2003ರಲ್ಲಿ ಅದನ್ನು ಕೈಬಿಟ್ಟಿತು. ಇನ್ನೂ ಮುಖ್ಯವಾಗಿ, ಒಂದೇ ಹಾಸಿಗೆ ಉಳಿಯುವ ಸ್ಥಿತಿ ಆಕಾಶದಿಂದ ಬೀಳುವುದಿಲ್ಲ. 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಕೋವಿಡ್ ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಸರ್ಕಾರ ಮೊದಲು ಹೇಳಿತು. ಹೈಕೋರ್ಟ್ ನೇಮಿಸಿದ ಸಮಿತಿಯ ವರದಿ ಆ ಮಾತನ್ನು ನಿಲ್ಲಗೊಡಲಿಲ್ಲ. ಅಲ್ಲಿ ಯಾರನ್ನು ಆರಿಸಬೇಕು ಎಂಬ ಪ್ರಶ್ನೆಯೇ ಏಳಬಾರದಿತ್ತು. ಸಿಲಿಂಡರ್ ಯಾವ ಜಿಲ್ಲೆಗೆ ಎಷ್ಟು ಎಂದು ಹಂಚುವ ಹೊತ್ತಿನಲ್ಲಿ, ಬಡ ಜಿಲ್ಲೆಯ ಜೀವಗಳಿಗೆ ರಾಜಧಾನಿಯ ಜೀವಗಳಷ್ಟೇ ತೂಕ ಸಿಗಬೇಕಿತ್ತು.

ಇನ್ನೊಂದು ಮಾತು ತೋಟಗಳ ನಡುವೆ ಆಗಾಗ ಕೇಳಿಬರುತ್ತದೆ: ಈಗಂತೂ ಮನುಷ್ಯನಿಗಿಂತ ಆನೆಯ ಜೀವವೇ ಹೆಚ್ಚಾಯಿತು ಎಂದು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರು ಬಳಿ, ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ಕೊಡಲೆಂದು ಅರಿವಳಿಕೆ ಹಾರಿಸಿದ ಅನುಭವಿ ಶಾರ್ಪ್ ಶೂಟರ್‌ನನ್ನು ಆ ಆನೆಯೇ ಅಟ್ಟಿಸಿಕೊಂಡು ಬಂದು ಕೊಂದಿತು. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರು ಕಡೆ ದಬ್ಬಳ್ಳಿಕಟ್ಟೆಯ ಕಾಡಿನಲ್ಲಿ ಒಂಟಿ ಸಲಗದೊಡನೆ ಕಾದಾಡಿ ದಸರಾ ಆನೆ ಅರ್ಜುನ ಸತ್ತಾಗ ನಾಡೇ ಅತ್ತಿತು, ಸರ್ಕಾರಿ ಗೌರವದೊಡನೆ ಮಣ್ಣು ಮಾಡಿದರು. ಅರ್ಜುನನಿಗೆ ಸಿಕ್ಕ ಗೌರವದ ಬಗ್ಗೆ ನನ್ನ ದೂರಿಲ್ಲ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೇ ಶತಮಾನದಲ್ಲೇ ಆತಕೂರಿನಲ್ಲಿ ಶಾಸನ ಹಾಕಿಸಿದ ನಾಡು ಇದು. ಪ್ರಾಣಿಗೆ ಗೌರವ ಕೊಟ್ಟರೆ ಮನುಷ್ಯನ ಬೆಲೆ ಇಳಿಯುವುದಿಲ್ಲ. ತೋಟದ ದಾರಿಯಲ್ಲಿ ಸತ್ತವರ ಹೆಸರು ಮರುದಿನದ ಪತ್ರಿಕೆಯ ಜಿಲ್ಲಾ ಪುಟ ದಾಟಿ ಹೋಗುವುದಿಲ್ಲ ಎಂಬುದು ಬೇರೆಯೇ ಕೊರತೆ, ಅದನ್ನು ಆನೆಯ ಮೇಲೆ ಹೊರಿಸುವಂತಿಲ್ಲ. ದೇಶದಲ್ಲಿ ವರ್ಷಕ್ಕೆ ಐನೂರಕ್ಕೂ ಹೆಚ್ಚು ಮಂದಿ ಆನೆಗಳಿಂದ ಸಾಯುತ್ತಾರೆ. ಅವರಲ್ಲಿ ದೊಡ್ಡ ಪಾಲು ಕಾಲ್ನಡಿಗೆಯವರು, ಬೆಳಗಿನ ಮಂಜಿನಲ್ಲೋ ಮುಸ್ಸಂಜೆಯಲ್ಲೋ ಒಬ್ಬೊಬ್ಬರೇ ಹೊರಟವರು.

ಕೊನೆಗೆ ಬರುವುದು ದುಡ್ಡಿನ ಆಕ್ಷೇಪ. ಆನೆ ತಡೆಯಲು ರೈಲ್ವೆ ಹಳಿಗಳಿಂದ ಕಟ್ಟುವ ಬ್ಯಾರಿಕೇಡಿಗೆ ಕಿಲೋಮೀಟರಿಗೆ ಕೋಟಿ ದಾಟುತ್ತದೆ, ಇಡೀ ಮಲೆನಾಡಿಗೆ ಬೇಲಿ ಹಾಕಲಾಗದು, ಎಲ್ಲ ಜೀವವೂ ಸಮಾನ ಎಂದರೆ ಬೊಕ್ಕಸ ಬರಿದಾದೀತು ಎನ್ನುತ್ತಾರೆ. ಸಮಾನ ಬೆಲೆ ಎಂದರೆ ಅಪರಿಮಿತ ಬೆಲೆ ಎಂದಲ್ಲ. ಇರುವ ಹಣವನ್ನು ಹೆಚ್ಚು ಜೀವ ಉಳಿಯುವ ಕಡೆ ಹಾಕಬೇಕು, ಹಾಗೆ ಹಾಕುವಾಗ ಯಾರ ಜೀವವನ್ನೂ ಅರ್ಧಕ್ಕೆ ಎಣಿಸಬಾರದು ಎಂದಷ್ಟೇ. ಈ ಗುಡ್ಡಗಳಲ್ಲಿ ಕಡಿಮೆ ಖರ್ಚಿನಲ್ಲಿ ಜೀವ ಉಳಿಸುವ ಉಪಾಯಗಳು ಈಗಾಗಲೇ ಗೊತ್ತಿವೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಮತ್ತು ಅರಣ್ಯ ಇಲಾಖೆ ಸೇರಿ ಹಾಸನದಲ್ಲಿ ಮುನ್ನೆಚ್ಚರಿಕೆ ವ್ಯವಸ್ಥೆ ನಡೆಸಿವೆ: ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಮತ್ತು ಕರೆ, ಆನೆ ಓಡಾಡುವ ರಸ್ತೆಗಳಲ್ಲಿ ಮಿನುಗುವ ಕೆಂಪು ದೀಪ. ಬ್ಯಾರಿಕೇಡಿನ ಪಕ್ಕದಲ್ಲಿಟ್ಟರೆ ಇದರ ಖರ್ಚು ಏನೂ ಅಲ್ಲ. ಆದರೆ ಸಂದೇಶ ತಲುಪಬೇಕಾದ್ದು ತೋಟದ ಮಾಲೀಕರ ಮೊಬೈಲಿಗಷ್ಟೇ ಅಲ್ಲ. ಬೆಳಿಗ್ಗೆ ಲೈನ್ ಮನೆಯಿಂದ ಹೊರಡುವವನಿಗೆ ಅದು ಮುಟ್ಟಬೇಕು; ಅವನು ಅಸ್ಸಾಮಿನಿಂದ ಬಂದವನಾದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಮುಟ್ಟಬೇಕು. ಮುಟ್ಟಿದ ಮೇಲೂ, ಇಂದು ತಡವಾಗಿ ಬಂದರೆ ಕೂಲಿ ಕಡಿಯುವುದಿಲ್ಲ ಎಂದು ಮೇಸ್ತ್ರಿ ಹೇಳದಿದ್ದರೆ ಅವನು ನಡೆದೇ ಹೋಗುತ್ತಾನೆ. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಆಳುಗಳನ್ನು ಪಿಕಪ್‌ನಲ್ಲಿ ಕರೆತಂದು ಬಿಡುವ ತೋಟಗಳಿವೆ. ಅಂಥ ಖರ್ಚನ್ನು ಮಾಲೀಕನ ಒಳ್ಳೆಯ ಮನಸ್ಸಿಗೆ ಬಿಟ್ಟುಬಿಡದೆ ಆನೆ ಓಡಾಡುವ ಪಂಚಾಯಿತಿಗಳಲ್ಲಿ ಕಡ್ಡಾಯ ಮಾಡಿ, ಚಿಕ್ಕ ಹಿಡುವಳಿದಾರರಿಗೆ ಸರ್ಕಾರ ನೆರವು ಕೊಡಬಹುದು.

ಹೆದ್ದಾರಿಯಲ್ಲೂ ಇದೇ ಪಕ್ಷಪಾತ ಬೇರೆ ರೂಪದಲ್ಲಿದೆ. 2021ರ ಜುಲೈ ಮಳೆಗೆ ದೋಣಿಗಲ್ಲಿನಲ್ಲಿ ರಸ್ತೆಯೇ ಕುಸಿದಾಗ, 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದಾಗ, ಮೊದಲ ಚಿಂತೆ ಬಂದರಿಗೆ ಹೋಗುವ ಸರಕು ನಿಂತಿತಲ್ಲ ಎಂಬುದಾಗಿತ್ತು. ಅದು ಸಣ್ಣ ಚಿಂತೆಯಲ್ಲ, ಕರಾವಳಿಯ ಆಸ್ಪತ್ರೆಗೆ ಹೋಗುವ ಆಂಬುಲೆನ್ಸ್‌ಗೂ ಅದೇ ದಾರಿ. ಆದರೆ ರಸ್ತೆ ಅಗಲಿಸಲು ಗುಡ್ಡವನ್ನು ನೇರವಾಗಿ ಕಡಿದ ಕಡೆ, ಮೇಲೂ ಕೆಳಗೂ ಇರುವ ಮನೆಗಳವರು ಪ್ರತಿ ಮಳೆಗಾಲವೂ ಹೊರುವ ಭಯ ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಯಾವ ಸಾಲಿನಲ್ಲಿದೆ? ತಡೆಗೋಡೆಯ ಖರ್ಚು ಉಳಿಸಿದಾಗ ಅದು ಉಳಿತಾಯವಲ್ಲ, ಆ ಮನೆಗಳವರಿಂದ ಕೇಳದೆ ಪಡೆದ ಸಾಲ.

ಹಾಗಾಗಿ ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ರೈಲು, ಲಾರಿ, ಮಣ್ಣು, ಮರ, ಆನೆ, ಯಾವುದರಿಂದ ಸತ್ತರೂ ಸರ್ಕಾರದ ಕಡೆಯಿಂದ ಒಂದೇ ಕನಿಷ್ಠ ಮೊತ್ತ ನಿಗದಿಯಾಗಬೇಕು. ಅದು ಆನೆ ದಾಳಿಗೆ ಕೊಡುವ ಮೊತ್ತಕ್ಕಿಂತ ಕೆಳಗಿರಲು ಕಾರಣವಿಲ್ಲ. ಆದಾಯದ ಲೆಕ್ಕ ಅದರ ಮೇಲೆ, ವಿಮೆಯ ಹಣದಿಂದ ನಡೆಯಲಿ. ಹಳಿ ದಾಟುವಾಗ ಸತ್ತವನನ್ನೂ, ಪತ್ತೆಯಾಗದ ಲಾರಿಗೆ ಸಿಕ್ಕವನನ್ನೂ ಆ ಕನಿಷ್ಠ ಮೊತ್ತದಿಂದ ಹೊರಗಿಡಬಾರದು. ಹೊರರಾಜ್ಯದ ಕೂಲಿಯವನು ಸತ್ತರೆ ವಾರಸುದಾರರ ಪತ್ರ, ಮರಣೋತ್ತರ ವರದಿ ಹಿಡಿದು ಅವನ ಹೆಂಡತಿ ಎರಡು ಸಾವಿರ ಮೈಲಿ ಅಲೆಯದಂತೆ ಆ ಕೆಲಸವನ್ನು ತಾಲ್ಲೂಕು ಕಚೇರಿಯೇ ಮಾಡಿಕೊಡಬೇಕು. ಆನೆಯನ್ನು ಹಿಡಿದು ಬೇರೆ ಕಡೆ ಬಿಡುವ ಪ್ರತಿ ಆದೇಶದಲ್ಲೂ ಬಿಡುವ ಜಾಗದ ಸುತ್ತಲಿನ ಗ್ರಾಮ ಪಂಚಾಯಿತಿಗಳ ಹೆಸರು, ಅವುಗಳಿಗೆ ಮಾಹಿತಿ ಕೊಟ್ಟ ದಿನಾಂಕ, ಕಾಲರ್‌ನ ಸಂಕೇತವನ್ನು ಯಾರು ಯಾರಿಗೆ ಕಳಿಸಬೇಕು ಎಂಬುದು ಬರಹದಲ್ಲಿರಬೇಕು, ಆ ಪಂಚಾಯಿತಿ ಗಡಿಯ ಈಚೆಗಿರಲಿ, ಆಚೆಗಿರಲಿ.